ಮೈಕಟ್ಟಿನ ಮಾತು ಬಿಡಿ, ನಿದ್ದೆಯ ಲೆಕ್ಕ ಹಾಕಿ

ಸ್ವೀಡನ್‌ನಲ್ಲಿ ನಡೆಯುವ ಮಕ್ಕಳ ಫುಟ್‌ಬಾಲ್ ಟೂರ್ನಿ ಗೋಥಿಯಾ ಕಪ್‌ನಲ್ಲಿ ನಮ್ಮ ಹುಡುಗರು ಸೋಲುವುದು ಮೈಕಟ್ಟು ಸಾಲದೆ ಅಂತ ಬರೆದಿದ್ದೀರಿ. ಒಪ್ಪುವುದಿಲ್ಲ ಸಾರ್. ನನ್ನ ಮಗನೂ ಗೋವಾದ ವಾಸ್ಕೋದಿಂದ ಒಂದು ಟೀಮಿನ ಜೊತೆ ಹೋಗಿದ್ದ. ಎಲ್ಲರಿಗೂ ಅದೇ ಮೊದಲ ವಿದೇಶ. ಟೂರ್ನಿ ನಡೆಯುವುದು ಜುಲೈನಲ್ಲಿ. ಗೋವಾದಲ್ಲಿ ಆಗ ಮಳೆ ಹೇಗೆ ಹೊಡೆಯುತ್ತದೆ ಗೊತ್ತಲ್ವಾ? ಹೊರಡುವ ಮುಂಚೆ ಮೂರು ವಾರ ಮೈದಾನ ಕೆಸರುಗದ್ದೆ. ಬಿಲ್ಡಿಂಗ್ ಕೆಳಗಿನ ಪಾರ್ಕಿಂಗ್‌ನಲ್ಲಿ ಪಾಸ್ ಪ್ರಾಕ್ಟೀಸ್ ಮಾಡಿದರು. ಸ್ವೀಡನ್‌ನಲ್ಲಿ ಸಿಕ್ಕಿದ್ದು ಕೃತಕ ಹುಲ್ಲು, ಚೆಂಡು ಸರ್ರನೆ ಗೆರೆ ದಾಟಿಬಿಡುತ್ತಿತ್ತು. ಟೂರ್ನಿ ನಡೆಯುವ ಗೋಥೆನ್‌ಬರ್ಗ್‌ನಲ್ಲಿ ಆ ತಿಂಗಳು ರಾತ್ರಿ ಹತ್ತರ ಹತ್ತಿರಕ್ಕೂ ಬೆಳಕು. ಶಾಲೆಯ ಕ್ಲಾಸ್‌ರೂಮಿನ ನೆಲದಲ್ಲಿ ವಾಸ, ಕಿಟಕಿಗೆ ಟವೆಲ್ ಕಟ್ಟಿದರೂ ನಿದ್ದೆ ಇಲ್ಲ. ಮೊದಲ ಮ್ಯಾಚ್ 0-6. ಮೂರನೇ ಮ್ಯಾಚಿಗೆ ಅದೇ ಹುಡುಗರು 1-1 ಡ್ರಾ ಮಾಡಿಕೊಂಡರು. ಅಷ್ಟರೊಳಗೆ ಯಾರೂ ಎತ್ತರ ಬೆಳೆದಿರಲಿಲ್ಲ, ಆ ಬೆಳಕಿಗೆ, ಹುಲ್ಲಿಗೆ ಒಗ್ಗಿದ್ದರು ಅಷ್ಟೆ! ನಾಲ್ಕು ದಿನ ಮುಂಚೆ ಕರೆದುಕೊಂಡು ಹೋಗಿ ಅಂತ ನಾವು ಪೋಷಕರು ಬೇಡಿಕೊಂಡಿದ್ದೆವು. ಟೀಮ್ ನಡೆಸುವವರು ಖರ್ಚು ಜಾಸ್ತಿ ಅಂದರು. ಬ್ಲೇಜರ್ ಹೊಲಿಸೋಕೆ ಮಾತ್ರ ದುಡ್ಡಿತ್ತು.