ಮೂರು ಸೀಟಿಯೊಳಗೆ

ನಾನು ಮಾಡಿದ ಬಾಗಿಲು ತುಂಬ ಚೆನ್ನಾಗಿತ್ತು. ತೊಂದರೆ ಅಂದರೆ ಅದು ತೆರೆಯಲಿಲ್ಲ.

ಬಡಗಿ ಕೆಲಸ ಅಲ್ಲ. ಮುಂಬಯಿಯ ಮುಲುಂಡ್ ಪೂರ್ವದ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ ನಡೆಯುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎನ್ನುವವರು 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ. ನಾಲ್ಕು ಜನ ಕಳ್ಳ, ಯೋಧ, ಮಾಂತ್ರಿಕೆ, ಪೂಜಾರಿ ಎಂದು ಪಾತ್ರ ಹಿಡಿಯುತ್ತಾರೆ. ಐದನೆಯವನು ನಾನು, ಡಿಎಂ, ಅಂದರೆ ಡಂಜನ್ ಮಾಸ್ಟರ್, ಆಟ ನಡೆಸುವವನು. ಕಾಡು, ಕೋಟೆ, ರಾಕ್ಷಸರು, ರಾಜನ ಸಿಡುಕು, ಎಲ್ಲ ನನ್ನ ಪಾಲು.

ಅಮ್ಮನಿಗೆ ಇದನ್ನು ವಿವರಿಸಲು ಹೋಗಿ ಒಮ್ಮೆ ಸಿಕ್ಕಿಬಿದ್ದೆ. "ತಾಳಮದ್ದಳೆ ಇದ್ದ ಹಾಗೆ ಅಮ್ಮ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು. ಗೆಲುವು ಸೋಲು ಮಾತ್ರ ದಾಳದ ಮೇಲೆ" ಎಂದೆ.

"ದಾಳ ಹಾಕಿ ಉದ್ಧಾರ ಆದವರು ಯಾರು ಮಾರಾಯ? ಧರ್ಮರಾಯನನ್ನು ಕೇಳು" ಎಂದು ಅಮ್ಮ ಒಳಗೆ ಹೋದರು.

ಆ ಭಾನುವಾರ ಜುಲೈ ಮಳೆ. ಮೇಲೆ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಲೋಕಲ್ ರೈಲಿಗೆ ತಡೆ. ಡೊಂಬಿವಲಿಯಿಂದ ಬರುವ ಹುಬ್ಬಳ್ಳಿ ಗೆಳೆಯ, ಅಂದರೆ ನಮ್ಮ ಯೋಧ, ಒಂದೂವರೆ ಗಂಟೆ ತಡ. ಚೆಂಬೂರಿನ ಕಳ್ಳ ಒದ್ದೆ ಸಾಕ್ಸ್ ಕೈಯಲ್ಲಿ ಹಿಡಿದುಕೊಂಡು ಬಂದ. ಇವನು ವಾರವೆಲ್ಲ ಆಡಿಟ್ ಆಫೀಸಿನಲ್ಲಿ ಲೆಕ್ಕ ನೋಡುವವನು. ಕಳ್ಳತನ ಭಾನುವಾರ ಮಾತ್ರ. ಮಾಂತ್ರಿಕೆ ನನ್ನ ಚಿಕ್ಕಮ್ಮನ ಮಗಳು. ಪೂಜಾರಿ ಕೆಳಗಿನ ಮಹಡಿಯ ಹುಡುಗ, ಅವನಿಗೆ ಮೆಗಾ ಬ್ಲಾಕ್‌ನ ಕಷ್ಟ ಇಲ್ಲ.

ನಾನು ಕೋಟೆಯ ಕಬ್ಬಿಣದ ಬಾಗಿಲನ್ನು ವರ್ಣಿಸಿದೆ. ಮೇಲೆ ಹಾವಿನ ಕೆತ್ತನೆ, ಕೆಳಗೆ ಹಳೇ ರಕ್ತದ ಕಲೆ, ಎರಡು ಪುಟ ಬರೆದುಕೊಂಡಿದ್ದೆ. ಬೀಗ ತೆಗೆಯಲು ಇಪ್ಪತ್ತು ಬೇಕು ಎಂದೆ. ಇಪ್ಪತ್ತು ಮುಖದ ದಾಳ ಹಾಕಿ, ಬಂದದ್ದಕ್ಕೆ ತಮ್ಮ ಕೈಚಳಕದ ಅಂಕ ಕೂಡಿಸಬೇಕು. ನಿಯಮ ಪುಸ್ತಕದಲ್ಲಿ ಹತ್ತು ಅಂದರೆ ಸುಲಭ, ಹದಿನೈದು ಮಧ್ಯಮ, ಇಪ್ಪತ್ತು ಕಷ್ಟ. ನನ್ನದು ಕಷ್ಟದ ಕೋಟೆ, ಅಲ್ವಾ?

ಕಳ್ಳನಿಗೆ ಐದು ಅಂಕ ಇತ್ತು. ಹಾಕಿದ, ಒಂಬತ್ತು. ಉಳಿದವರಿಗೆ ಅಂಕವೇ ಇಲ್ಲ. ಹಾಕಿದರು. ಮೂರು, ಹನ್ನೊಂದು, ಹದಿನಾರು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಒಬ್ಬರಿಗೆ ಒಂದೇ ಸಲ ಎಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಮುಂದೇನು? ಮುಂದೇನೂ ಇಲ್ಲ. ರಾಜಕುಮಾರಿ, ನಿಧಿ, ಎರಡು ತಲೆಯ ರಾಕ್ಷಸ, ಒಂದು ವಾರ ರಾತ್ರಿ ಕೂತು ಬರೆದದ್ದೆಲ್ಲ ಬಾಗಿಲಿನ ಆಚೆ. ಈಚೆ ನಾಲ್ಕು ಜನ ಚೂಡಾ ತಿನ್ನುತ್ತಾ ನನ್ನ ಮುಖ ನೋಡುತ್ತಿದ್ದರು.

"ಒದ್ದರ ತೆರಿಯಂಗಿಲ್ಲೇನಲೇ?" ಎಂದ ಹುಬ್ಬಳ್ಳಿಯವ.

"ಕಬ್ಬಿಣ" ಎಂದೆ.

ಆಡಿಟ್‌ನವನು ಸುಮ್ನೆ ಕೂರಲಿಲ್ಲ. ಕಾಗದದಲ್ಲಿ ಲೆಕ್ಕ ಹಾಕಿದ. ಅವನು ಗೆಲ್ಲಲು ಹದಿನೈದೋ ಮೇಲೋ ಬೀಳಬೇಕು, ನೂರಕ್ಕೆ 30. ಉಳಿದವರಿಗೆ ಇಪ್ಪತ್ತೇ ಬೀಳಬೇಕು, ನೂರಕ್ಕೆ 5. ಎಲ್ಲ ಸೇರಿಸಿದರೆ ನಾಲ್ವರೂ ಸೋಲುವುದು ಹತ್ತರಲ್ಲಿ ಆರು ಸಲ. "ನೀನು ಬಾಗಿಲು ಮಾಡಿಲ್ಲ, ಗೋಡೆ ಮಾಡಿದ್ದೀಯ" ಎಂದ. ಆಡಿಟ್ ಆಕ್ಷೇಪಕ್ಕೆ ಉತ್ತರ ಕೊಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಅಷ್ಟರಲ್ಲಿ ಅಮ್ಮನ ಫೋನ್. ಸ್ಟೇಷನ್ ಹತ್ತಿರದಿಂದ ತರಕಾರಿ ತಂದಾಗಿದೆ, ಕೆಳಗೆ ನಿಂತಿದ್ದೇನೆ, ಲಿಫ್ಟ್ ಬಂದ್, ಎರಡು ಚೀಲ ಇದೆ. ಕೋಟೆಯಿಂದ ತಪ್ಪಿಸಿಕೊಳ್ಳಲು ಕಾಯುತ್ತಿದ್ದ ನಾಲ್ವರೂ ಓಡಿದರು. ಡಿಎಂ ಒಬ್ಬನೇ ಕೂತು ಏನು ಮಾಡಲಿ? ನಾನೂ ಓಡಿದೆ. ಹಿಂದೆ ಗಾಳಿ ಬೀಸಿತು. ಧಡ್!

ಲ್ಯಾಚ್ ಬಿತ್ತು. ನನ್ನ ಕೀ ಒಳಗೆ, ಟಿವಿ ಪಕ್ಕದ ಮೊಳೆಯಲ್ಲಿ.

"ನನ್ನದೂ ಒಳಗೇ. ನೀವೆಲ್ಲ ಮನೆಯಲ್ಲೇ ಇದ್ದಿರಲ್ಲ" ಎಂದರು ಮೆಟ್ಟಿಲು ಹತ್ತಿ ಬಂದ ಅಮ್ಮ. ಆಮೇಲೆ ನಿಧಾನಕ್ಕೆ, "ಕಡಲೆ ಇಟ್ಟಿದ್ದೆ. ಮೂರು ಸೀಟಿ ಆದ ಕೂಡಲೇ ಬಂದ್ ಮಾಡು ಅಂದಿದ್ದೆ. ಮಾಡಿದ್ದೀಯಲ್ಲ?"

ಒಳಗಿನಿಂದ ಮೊದಲನೇ ಸೀಟಿ ಕೇಳಿಸಿತು.

ಇಲ್ಲಿ ಒಂದು ಮಾತು. 2008ರಲ್ಲಿ ಬಂದ ಈ ಆಟದ ನಾಲ್ಕನೇ ಆವೃತ್ತಿಯಲ್ಲಿ ಸ್ಕಿಲ್ ಚಾಲೆಂಜ್ ಎಂಬ ಏರ್ಪಾಡಿತ್ತು. ಒಂದೇ ದಾಳಕ್ಕೆ ಎಲ್ಲ ತೀರ್ಮಾನ ಆಗುವುದಿಲ್ಲ. ಒಬ್ಬೊಬ್ಬರು ತಮಗೆ ಬರುವ ವಿದ್ಯೆ ತೋರಿಸಬೇಕು, ಮೂರು ಸೋಲು ಆಗುವುದರೊಳಗೆ ಇಷ್ಟು ಗೆಲುವು ಬರಬೇಕು. ಅದನ್ನು ಮಾಡಿದವರೇ ಮೊದಲು ಲೆಕ್ಕ ತಪ್ಪಿ ಅದೇ ವರ್ಷ ತಿದ್ದಿದರು. ಓದಿದಾಗ ನನಗೆ ತಲೆಗೆ ಹತ್ತಿರಲಿಲ್ಲ. ಕುಕ್ಕರ್ ಹೇಳಿಕೊಟ್ಟಿತು.

ಯೋಧ ಭುಜ ಕೊಟ್ಟು ನೂಕಿದ. ಬಾಗಿಲಿಗೆ ಏನೂ ಆಗಲಿಲ್ಲ, ಅಪ್ಪನ ಹೆಸರಿನ ಬೋರ್ಡ್ ಬಿತ್ತು. ಅವನು ಭುಜ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಕಳ್ಳ ಪರ್ಸಿನಿಂದ ಎಟಿಎಂ ಕಾರ್ಡ್ ತೆಗೆದು ಸಂದಿಗೆ ತೂರಿಸಿದ. ಕಾರ್ಡ್ ಎರಡು ತುಂಡು. ಒಂದು ತುಂಡು ಈಗಲೂ ನಮ್ಮ ಬಾಗಿಲಿನ ಚೌಕಟ್ಟಿನಲ್ಲಿದೆ.

ಸದ್ದಿಗೆ ಎದುರು ಮನೆಯ ಮರಾಠಿ ಕಾಕು ಹೊರಗೆ ಬಂದರು. "ಥಾಂಬಾ, ಥಾಂಬಾ" ಎಂದು ನಮ್ಮನ್ನು ತಡೆದು ವಾಚ್‌ಮನ್‌ನನ್ನು ಕೂಗಿದರು. ಅವನು ನಾಲ್ಕು ಮಹಡಿ ಹತ್ತಿ ಬಂದು, ಲ್ಯಾಚ್ ನೋಡಿ, ಡಾಕ್ಟರ ಗತ್ತಿನಲ್ಲಿ "ಎಕ್ಸ್‌ರೇ ಹೈ ಕ್ಯಾ?" ಎಂದ.

ಕಾಕು ಹತ್ತಿರ ಒಂದು ಚೀಲ ತುಂಬ ಇತ್ತು. ಎದೆಯದ್ದು ಕೊಡಬಹುದಿತ್ತು, ಅದು ಚಿಕ್ಕದು. ದೊಡ್ಡದು ಮೊಣಕಾಲಿನದು, ಮಂಗಳವಾರ ಡಾಕ್ಟರಿಗೆ ತೋರಿಸಬೇಕು. ಎರಡನೇ ಸೀಟಿ! ಮಾಂತ್ರಿಕೆ ತನ್ನ ಹರುಕು ಮರಾಠಿಯಲ್ಲಿ ಅಂಗಲಾಚಿದಳು. ಅಮ್ಮ ಮಾತು ಬೆಳೆಸಲಿಲ್ಲ. "ನಾಳೆ ಪತ್ರೊಡೆ ಮಾಡ್ತೇನೆ" ಎಂದರು. ಮೊಣಕಾಲು ಹೊರಗೆ ಬಂತು. ಪೂಜಾರಿ ಮೊಬೈಲ್ ಟಾರ್ಚ್ ಹಿಡಿದ. ವಾಚ್‌ಮನ್ ಫಿಲ್ಮನ್ನು ಸಂದಿಯಲ್ಲಿ ಇಳಿಸಿ, ಬಾಗಿಲನ್ನು ಅಲ್ಲಾಡಿಸಿ, ಒಮ್ಮೆ ಒತ್ತಿದ. ಬಾಗಿಲು ತೆರೆಯುವುದಕ್ಕೂ ಮೂರನೇ ಸೀಟಿಗೂ ಸರಿಹೋಯಿತು. ಕಡಲೆ ಹದವಾಗಿ ಬೆಂದಿತ್ತು. ಕಾಕು ಮೊಣಕಾಲಿಗೆ ಮಾತ್ರ ಉದ್ದಕ್ಕೆ ಒಂದು ಗೀರು. ಮಂಗಳವಾರ ಡಾಕ್ಟರು ಅದನ್ನು ನೋಡಿ ಏನಂದರೋ, ಕೇಳುವ ಧೈರ್ಯ ಬರಲಿಲ್ಲ.

ಅವತ್ತು ರಾತ್ರಿ ಕೋಟೆ ಬಾಗಿಲನ್ನು ಮತ್ತೆ ಬರೆದೆ. ಹಾವಿನ ಕೆತ್ತನೆ ತೆಗೆದೆ (ಹೊಟ್ಟೆ ಉರಿಯಿತು). ಒಂದು ಗಂಟೆ ಇಟ್ಟೆ, ಮೂರು ಸಲ ಬಾರಿಸಿದರೆ ಕಾವಲುಗಾರರು ಬರುತ್ತಾರೆ. ಎದುರಿಗೆ ಒಬ್ಬ ಮುದುಕಿ, ಅವಳ ಚೀಲದಲ್ಲಿ ಏನೇನೋ. ದಾಳ ಸೋತರೂ ಕಥೆ ನಿಲ್ಲುವುದಿಲ್ಲ, ಏನಾದರೂ ಮುರಿಯುತ್ತದೆ, ಯಾರದ್ದಾದರೂ ಭುಜ ನೋಯುತ್ತದೆ, ಗಂಟೆ ಬಾರಿಸುತ್ತದೆ. ಬೇಕಾದ ಸಂಖ್ಯೆ ಹದಿನೈದಕ್ಕೆ ಇಳಿಸಿದೆ, ಆಡಿಟ್‌ನವನ ಭಯಕ್ಕೆ.

ಮುಂದಿನ ಆಟದಲ್ಲಿ ಮುದುಕಿಯನ್ನು ವರ್ಣಿಸಿ ಮುಗಿಸುವ ಮೊದಲೇ ಕಳ್ಳ ಕೇಳಿದ: "ಅಜ್ಜಿ ಹತ್ತಿರ ಎಕ್ಸ್‌ರೇ ಇದೆಯಾ?"

"ಲೋ, ಇದು ಮಾಂತ್ರಿಕರ ಕಾಲ."

"ಡ್ರಾಗನ್ ಪೊರೆ?"

ನಾನು ಪುಸ್ತಕ ತಿರುವಿದೆ. ಡ್ರಾಗನ್ ಪೊರೆ ಬಿಡುತ್ತದೆ ಎಂದು ಕಾಣಲಿಲ್ಲ, ಬಿಡುವುದಿಲ್ಲ ಎಂದೂ ಕಾಣಲಿಲ್ಲ. ಅಡುಗೆಮನೆಯಿಂದ ಅಮ್ಮ, "ಕೊಟ್ಟುಬಿಡು ಮಾರಾಯ, ಪಾಪ, ಒಂದು ಕಾರ್ಡ್ ಹೋಗಿದೆ" ಎಂದರು. ಕೊಟ್ಟೆ. ಕಳ್ಳ ದಾಳ ಹಾಕಿದ. ಎರಡು.

"ಬಾಗಿಲು ತೆರೆಯಿತು" ಎಂದೆ. "ಆದರೆ ಪೊರೆ ಹರಿಯಿತು. ಒಳಗೆ ಎಲ್ಲೋ ಮೊದಲನೇ ಗಂಟೆ ಬಾರಿಸಿತು."

ಸರಿಯಾಗಿ ಅದೇ ಹೊತ್ತಿಗೆ ಕುಕ್ಕರ್ ಕೂಗಿತು. ಹುಬ್ಬಳ್ಳಿಯವ ಎದ್ದು ಹೋಗಿ ಟಿವಿ ಪಕ್ಕದ ಮೊಳೆಯಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡು ಬಂದು ಕೂತ.