ಸತ್ಯಾಂಶ: ಊಟಿಯ ಹುಲ್ಲಿನ ಮೇಲಿನ ಬಿಳುಪು ಹಿಮಪಾತವಲ್ಲ

ಡಿಸೆಂಬರ್, ಜನವರಿ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಓಡಾಡುತ್ತದೆ. ಬೆಳ್ಳಗಾದ ಹುಲ್ಲುಗಾವಲು, ಕೆಳಗೆ 'ಊಟಿಯಲ್ಲಿ ಹಿಮಪಾತ' ಎಂಬ ಸಾಲು. ಬಹಳ ಸಲ ದೃಶ್ಯ ನಿಜವೇ. ಸಾಲು ಮಾತ್ರ ತಪ್ಪು.

ಹಿಮಪಾತ ಮೋಡದಿಂದ ಆಗಬೇಕು. ಊಟಿಯಲ್ಲಿ ತೀರಾ ಚಳಿ ಬೀಳುವುದು ಮೋಡವೇ ಇಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ. ಆಗ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಉಷ್ಣಾಂಶ ಸೊನ್ನೆಯ ಹತ್ತಿರ ಇಳಿಯುತ್ತದೆ. ಗಾಳಿಯಲ್ಲಿರುವ ತೇವ ಹುಲ್ಲಿನ ಮೇಲೇ ಮಂಜುಗಡ್ಡೆಯ ಹರಳಾಗಿ ಕೂರುತ್ತದೆ. ಮೇಲಿಂದ ಏನೂ ಬಿದ್ದಿರುವುದಿಲ್ಲ.

ತಣ್ಣನೆಯ ಗಾಳಿ ಭಾರ ಜಾಸ್ತಿ, ಅದು ತಗ್ಗಿಗೆ ಜಾರುತ್ತದೆ. ಅದಕ್ಕೇ 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಗಿಂತ ಊಟಿ ಬಳಿಯ ತಲೈಕುಂದಾದಂಥ ತಗ್ಗು ಬಯಲುಗಳಲ್ಲೇ ಈ ಬಿಳುಪು ಹೆಚ್ಚು. ಮುನ್ನಾರಿನ ವಿಡಿಯೊಗಳ ಕಥೆಯೂ ಇದೇ.

ನೋಡಲು ಚೆಂದ, ನಿಜ. ಆದರೆ ಚಹಾ ಬೆಳೆಗಾರರಿಗೆ ಇದು ನಷ್ಟ. ಚಿಗುರು ಸುಟ್ಟಂತೆ ಕಂದಾಗುತ್ತದೆ. 'ಬೇಗ ಬನ್ನಿ' ಎಂದು ಫಾರ್ವರ್ಡ್ ಮಾಡುವವರಿಗೆ ಇದು ಗೊತ್ತಿರಬೇಕು ಅಲ್ವಾ?

ನೋಡಲೇಬೇಕೆಂದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಿಸಿಲೇರಿದ ಸ್ವಲ್ಪ ಹೊತ್ತಿಗೇ ಬಿಳುಪು ಕರಗುತ್ತದೆ. ಮೈಸೂರಿನಿಂದ ಬೆಳಿಗ್ಗೆ ಹೊರಟವರಿಗೆ ಸಿಗುವುದು ಒದ್ದೆ ಹುಲ್ಲಷ್ಟೇ.