ಆಸ್ಟ್ರೇಲಿಯಾದ ಮೂಲನಿವಾಸಿಗಳ ಧ್ವಜಗಳು ಅಧಿಕೃತವೇ?

ಆಸ್ಟ್ರೇಲಿಯಾದ ಅಬಾರಿಜಿನಲ್ ಧ್ವಜಕ್ಕೂ ಟಾರೆಸ್ ಜಲಸಂಧಿ ದ್ವೀಪವಾಸಿಗಳ ಧ್ವಜಕ್ಕೂ ಕಾನೂನಿನ ಮಾನ್ಯತೆಯಿಲ್ಲ, ಅವನ್ನು ರಾಷ್ಟ್ರಧ್ವಜದ ಜೊತೆ ಹಾರಿಸುವುದು ತಪ್ಪು ಎನ್ನುವ ಸಂದೇಶ ಆಗಾಗ ಹರಿದಾಡುತ್ತಿರುತ್ತದೆ. ಇದು ಸರಿಯಲ್ಲ. ಬೇರೆ ಧ್ವಜಗಳನ್ನೂ ಘೋಷಿಸುವ ಅಧಿಕಾರವನ್ನು 1953ರ ಧ್ವಜ ಕಾಯ್ದೆಯ 5ನೆಯ ಸೆಕ್ಷನ್ ಗವರ್ನರ್ ಜನರಲ್‌ಗೆ ನೀಡಿದ್ದು, ಅದರಂತೆ 1995ರ ಜುಲೈ 14ರಂದು ಇವೆರಡೂ ಆಸ್ಟ್ರೇಲಿಯಾದ ಅಧಿಕೃತ ಧ್ವಜಗಳೆಂದು ಘೋಷಿತವಾದವು. ಒಟ್ಟಿಗೆ ಹಾರಿಸುವಾಗ ರಾಷ್ಟ್ರಧ್ವಜಕ್ಕೆ ಅಗ್ರಸ್ಥಾನ, ಅನಂತರ ರಾಜ್ಯಧ್ವಜಗಳು, ಆಮೇಲೆ ಸಾಮಾನ್ಯವಾಗಿ ಇವು ಬರುತ್ತವೆ. ಈ ಅನುಕ್ರಮವನ್ನೇ ನಿಷೇಧವೆಂದು ಓದಿಕೊಂಡರೆ ಗೊಂದಲವಾಗುವುದು ಸಹಜವೇ. ಇಂತಹ ಸಂದೇಶ ಬಂದಾಗ ಅದರಲ್ಲಿ ಕಾಯ್ದೆಯ ಹೆಸರು, ವರ್ಷ, ಸೆಕ್ಷನ್ ಇವೆಯೇ ಎಂದು ಮೊದಲು ನೋಡಬಹುದು. ಆಸ್ಟ್ರೇಲಿಯಾ ಸರ್ಕಾರದ ಶಾಸನಗಳ ಜಾಲತಾಣದಲ್ಲಿ ಕಾಯ್ದೆಯ ಪೂರ್ಣಪಾಠ ಉಚಿತವಾಗಿ ಸಿಗುತ್ತದೆ, ಮತ್ತು ಅದು ಕೆಲವೇ ಪುಟಗಳಷ್ಟು ಚಿಕ್ಕದು.